ಜನ್ನನ ಇಬ್ಬರು ಅಪರಾಧಿಗಳು

ಕವಿಚಕ್ರವರ್ತಿ ಜನ್ನನ ಎರಡು ಕಾವ್ಯಗಳಲ್ಲಿ ಯಶೋಧರಚರಿತೆಯು ಕ್ರಿ. ಶ. 1209ರದು, ಅನಂತನಾಥಪುರಾಣವು 1230ರದು. ನಡುವೆ ಇಪ್ಪತ್ತೊಂದು ವರ್ಷಗಳು ಕಳೆದಿದ್ದರೂ ಕವಿಯ ಕಣ್ಣು ಒಂದು ವಸ್ತುವನ್ನು ಬಿಟ್ಟು ಕದಲಿಲ್ಲ. ದಾಂಪತ್ಯದ ಕಟ್ಟನ್ನು ಮುರಿದು ಹರಿಯುವ ಕಾಮವು ಮನುಷ್ಯನನ್ನು ಎಲ್ಲಿಗೆ ಒಯ್ದು ಮುಟ್ಟಿಸುವದೆಂಬದೇ ಆ ವಸ್ತು. ಮೊದಲನೆಯ ಕಾವ್ಯದಲ್ಲಿ ಆ ಕಾಮಕ್ಕೆ ಸಿಕ್ಕಿದವಳು ಅಮೃತಮತಿಯೆಂಬ ರಾಣಿ. ಎರಡನೆಯದರಲ್ಲಿ ಸಿಕ್ಕಿದವನು ಚಂಡಶಾಸನನೆಂಬ ಅರಸು. ಕವಿ ಒಬ್ಬನೇ, ರೋಗವೂ ಒಂದೇ. ಆದರೆ ನಮ್ಮ ರಸಿಕವರ್ಗವು ಈ ಇಬ್ಬರಿಗೆ ಕೊಟ್ಟ ತೀರ್ಪು ಮಾತ್ರ ಎರಡು ಬಗೆಯದು. ಅರಸನು ದುರಂತನಾಯಕನಾದನು, ರಾಣಿಯು ಜಾರೆಯಾದಳು. ಈ ತಾರತಮ್ಯವು ಕಾವ್ಯದೊಳಗೆ ಇದ್ದದ್ದೋ, ಅಥವಾ ಓದುವವರು ತಮ್ಮ ಮನೆಯಿಂದ ತಂದು ಅಲ್ಲಿ ಇಟ್ಟದ್ದೋ ಎಂಬದು ವಿಚಾರಾರ್ಹವಾಗಿದೆ.

ಬಹುಕಾಲ ಶಾಲೆಯಲ್ಲಿ ಕಳೆದವರಿಗೆ ಇದರ ಸುಳಿವು ಬೇಗನೆ ಹತ್ತುವದು. ಅಮೃತಮತಿಯ ವಿಷಯಕ್ಕೆ ಪ್ರಶ್ನೆ ಬಂದರೆ ಅದು ಅವಳ ‘ನಡತೆ’ಯನ್ನು ಕುರಿತದ್ದು; ಚಂಡಶಾಸನನ ವಿಷಯಕ್ಕೆ ಬಂದರೆ ಅವನ ‘ದುರಂತ’ವನ್ನು ಕುರಿತದ್ದು. ಪ್ರಶ್ನೆಯಲ್ಲಿಯೇ ತೀರ್ಪು ಅಡಗಿರುವಾಗ ಉತ್ತರವನ್ನು ಬರೆಯುವ ಹುಡುಗನು ಬೇರೆ ಏನು ಬರೆದಾನು?

ಚಂಡಶಾಸನನ ವೃತ್ತಾಂತವನ್ನು ಮೊದಲು ನೋಡೋಣ. ವಸುಷೇಣನೆಂಬ ಅರಸು ಇವನ ಗೆಳೆಯ. ಗೆಳೆಯನ ಮನೆಗೆ ಅತಿಥಿಯಾಗಿ ಬಂದ ಇವನು ಗೆಳೆಯನ ಹೆಂಡತಿಯಾದ ಸುನಂದೆಯನ್ನು ಕಂಡು ಮೋಹಿತನಾಗಿ, ಉಂಡ ಮನೆಗೆ ಎರಡು ಬಗೆದು, ಅವಳನ್ನು ಅಪಹರಿಸಿಕೊಂಡು ಹೋಗುವನು. ಅವಳು ಒಲ್ಲೆನೆಂದಳು. ಬೇಡಿದರೂ ಕಾಡಿದರೂ ಒಲ್ಲೆನೆಂದಳು. ಗಂಡನು ಬದುಕಿರುವನೆಂಬ ಆಶೆಯೇ ಇವಳ ಮನಸ್ಸನ್ನು ಗಟ್ಟಿಗೊಳಿಸಿದೆಯೆಂದು ಬಗೆದು, ವಸುಷೇಣನದೇ ತಲೆಯೆಂದು ತೋರುವ ಕೃತಕವಾದ ತಲೆಯೊಂದನ್ನು ಅವಳ ಕಣ್ಣ ಮುಂದೆ ತಂದಿಡಲಾಯಿತು. ಅದನ್ನು ಕಂಡ ಸುನಂದೆಯ ಪ್ರಾಣವು ಅಲ್ಲಿಯೇ ಹಾರಿತು. ಬಳಿಕ ಚಂಡಶಾಸನನು ಅವಳ ಶವದೊಡನೆ ಚಿತೆಯನ್ನೇರಿ ಸತ್ತನು.

ಮಿತ್ರದ್ರೋಹ, ಪರಸ್ತ್ರೀಹರಣ, ಕಪಟ, ನಿರಪರಾಧಿನಿಯಾದ ಒಬ್ಬಳ ಮರಣ: ಇಷ್ಟೂ ಇವನ ಲೆಕ್ಕದಲ್ಲಿವೆ. ಆದರೆ ಚಿತೆಯ ಹೊಗೆಯಲ್ಲಿ ಈ ಲೆಕ್ಕವೆಲ್ಲ ನಮ್ಮ ಕಣ್ಣಿಗೆ ಮರೆಯಾಗುವದು. ಒಲಿದವಳಿಗಾಗಿ ಪ್ರಾಣವನ್ನೇ ಕೊಟ್ಟನಲ್ಲ, ಎಂಥ ತೀವ್ರವಾದ ಅನುರಾಗವೆಂದು ನಾವು ಬೆರಗಾಗುವೆವು. ಜನ್ನನು ಆ ಭಾಗವನ್ನು ಬರೆದ ಶಕ್ತಿಗೆ ಬೆರಗಾಗುವದು ಯೋಗ್ಯವೇ. ಕನ್ನಡದಲ್ಲಿ ಅಂಥ ಪ್ರಸಂಗಗಳು ವಿರಳ. ಕವಿಯ ಶಕ್ತಿಗೆ ಸಲ್ಲಬೇಕಾದ ಬೆರಗನ್ನು ಪಾತ್ರದ ಪುಣ್ಯಕ್ಕೆ ಜಮಾ ಮಾಡುವದು ಮಾತ್ರ ಬೇರೆ ಸಂಗತಿ.

ಇನ್ನು ಅಮೃತಮತಿ. ಉಜ್ಜಯಿನಿಯ ಅರಸನಾದ ಯಶೋಧರನ ಪಟ್ಟದರಾಣಿ. ಒಂದು ರಾತ್ರಿ ಅರಮನೆಯ ಹತ್ತರದ ಆನೆಯ ಲಾಯದಿಂದ ಮಾವತಿಗನ ಹಾಡು ಅವಳ ಕಿವಿಗೆ ಬಿದ್ದಿತು. ಮುಖವನ್ನು ಕಾಣುವ ಮೊದಲೇ ಧ್ವನಿಗೆ ಅವಳು ಸೋತಳು. ನೋಡಿ ಬಾ ಎಂದು ಕಳಿಸಿದ ಸಖಿಯು ಮರಳಿ ಬಂದು, ಅವನು ಅಂಗಾಂಗವೂ ವಿಕಾರವಾದ ಕುರೂಪಿಯೆಂದು ಹೇಳಿದಳು. ರಾಣಿಯ ಮನಸ್ಸು ತಿರುಗಲಿಲ್ಲ. ಇರುಳಿರುಳು ಅವನಲ್ಲಿಗೆ ಹೋಗತೊಡಗಿದಳು. ತಡವಾಗಿ ಹೋದಂದು ಅವನ ಕೈಯಿಂದ ಪೆಟ್ಟನ್ನೂ ತಿಂದಳು. ಅರಸನು ಕತ್ತಿಯನ್ನು ಹಿಡಿದು ಹಿಂಬಾಲಿಸಿ ಎಲ್ಲವನ್ನೂ ಕಂಡನು. ಕತ್ತಿಯನ್ನು ಎತ್ತಿ, ಮತ್ತೆ ಇಳಿಸಿದನು. ಕೊನೆಗೆ ಅರಸನು ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೊರಡಲಿರುವಾಗ ಅವನನ್ನೂ ಅತ್ತೆಯಾದ ಚಂದ್ರಮತಿಯನ್ನೂ ಊಟಕ್ಕೆ ಕರೆದು ವಿಷವಿಕ್ಕಿ ಕೊಂದಳು.

ಕೊಂದದ್ದು ಕೊಂದದ್ದೇ. ಅದನ್ನು ಮೃದುಗೊಳಿಸುವ ಮಾತನ್ನು ನಾನು ಆಡಲಾರೆ. ಆದರೆ ನಮ್ಮ ಸಿಟ್ಟು ಹುಟ್ಟುವ ಸ್ಥಳವನ್ನು ವಾಚಕರು ಸ್ವಲ್ಪ ಪರೀಕ್ಷಿಸಬೇಕು. ಅದು ವಿಷದ ಊಟದ ಪಂಕ್ತಿಯಲ್ಲಿ ಹುಟ್ಟುವದಿಲ್ಲ. ಅದಕ್ಕಿಂತ ಬಹಳ ಮುಂಚೆ, ಮಾವತಿಗನ ರೂಪವನ್ನು ಸಖಿಯು ವರ್ಣಿಸುವಲ್ಲಿ ಹುಟ್ಟಿರುವದು. ಇಂಥ ಅರಸನನ್ನು ಬಿಟ್ಟು ಇಂಥವನಿಗೆ ಒಲಿದಳೇ ಎಂಬದು ನಮ್ಮ ಮೊದಲಿನ ಉದ್ಗಾರ. ಮಾವತಿಗನ ಬದಲಿಗೆ ನೆರೆಯ ರಾಜ್ಯದ ಚೆಲುವನಾದ ರಾಜಕುಮಾರನಿದ್ದಿದ್ದರೆ ನಮ್ಮ ಸಿಟ್ಟು ಅರ್ಧಕ್ಕೆ ಇಳಿಯುತ್ತಿತ್ತು. ಹಾಗಾದರೆ ನಾವು ದಂಡಿಸುವದು ಪಾತಿವ್ರತ್ಯಭಂಗವನ್ನೋ, ಅಭಿರುಚಿಯನ್ನೋ? ಚಂಡಶಾಸನನು ಮೋಹಿಸಿದವಳು ಚೆಲುವೆ, ರಾಣಿ, ಪತಿವ್ರತೆ. ಅವಳ ಯೋಗ್ಯತೆಯೇ ಅವನ ಪಾಪಕ್ಕೆ ಹೊಳಪನ್ನು ಕೊಟ್ಟಿತು. ಅಮೃತಮತಿಯು ಮೋಹಿಸಿದವನು ಕುರೂಪಿ, ಕೆಳಗಿನವನು. ಅವನ ಅಯೋಗ್ಯತೆಯು ಅವಳ ಪಾಪಕ್ಕೆ ಇಮ್ಮಡಿಯ ಬಡ್ಡಿಯಾಯಿತು. ಇನ್ನೊಂದು ಮಾತು: ಸುನಂದೆಯು ಒಲ್ಲೆನೆಂದವಳು, ಮಾವತಿಗನು ಒಲ್ಲೆನೆಂದವನಲ್ಲ. ಬಲಾತ್ಕಾರವಿದ್ದ ಕಡೆಯಲ್ಲಿ ಪ್ರೇಮವೆಂಬ ಹೆಸರನ್ನೂ, ಅದಿಲ್ಲದ ಕಡೆಯಲ್ಲಿ ಚಾಪಲ್ಯವೆಂಬ ಹೆಸರನ್ನೂ ನಾವು ಇಟ್ಟೆವು.

ಯಶೋಧರನ ಕಡೆಗೂ ಸ್ವಲ್ಪ ತಿರುಗೋಣ. ಕಂಡದ್ದನ್ನು ಅವನು ಹೆಂಡತಿಯೊಡನೆ ಬಾಯಿಬಿಟ್ಟು ಆಡಲಿಲ್ಲ. ಮರುದಿನ ನೆಯ್ದಿಲ ಹೂವಿನಿಂದ ಅವಳನ್ನು ಹೊಡೆದು, ಕೊಂಕುಮಾತಿನಿಂದ ಚುಚ್ಚಿದನು. ತಾಯಿಯು ಮುಖ ಬಾಡಿದ ಕಾರಣವನ್ನು ಕೇಳಿದಾಗ ನಿಜವನ್ನು ಮುಚ್ಚಿ, ಕನಸು ಕಂಡೆನೆಂದು ಸುಳ್ಳನ್ನು ಕಟ್ಟಿ ಹೇಳಿದನು. ತಾಯಿಯು ಆ ಕನಸನ್ನು ನಂಬಿ, ಅಪಶಕುನದ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದಳು. ಜೀವಹಿಂಸೆಗೆ ಮಗನು ಒಪ್ಪದಿರಲು ಹಿಟ್ಟಿನ ಕೋಳಿಯಾದರೂ ಆಗಲೆಂದಳು. ಮಗನು ಒಪ್ಪಿದನು. ಆ ಹಿಟ್ಟಿನ ಕೋಳಿಯನ್ನು ಕಡಿದಾಗ ಅದು ಕೂಗಿತು. ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿಯೂ ಮಗನೂ ನವಿಲು, ನಾಯಿ ಮೊದಲಾದ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿ, ಅಭಯರುಚಿ ಅಭಯಮತಿಯರೆಂಬ ಅಣ್ಣತಂಗಿಯರಾಗಿ ಹುಟ್ಟಿ, ನರಬಲಿಗಾಗಿ ಎಳೆದು ತಂದ ಮಾರಿದತ್ತನ ಎದುರಿನಲ್ಲಿ ತಮ್ಮ ಕಥೆಯನ್ನು ತಾವೇ ಹೇಳುವರು. ಕಾವ್ಯದ ಬೆನ್ನೆಲುಬು ಇದು. ಕವಿಯ ಕಠೋರವಾದ ತಕ್ಕಡಿಯು ಅರಸನ ಒಂದು ಸುಳ್ಳನ್ನೂ ಒಂದು ಸಂಕಲ್ಪವನ್ನೂ ಜನ್ಮಜನ್ಮಾಂತರಗಳವರೆಗೆ ತೂಗಿರುವದು. ರಾಣಿಗೂ ಅವನು ನರಕವನ್ನು ವಿಧಿಸಿದ್ದಾನೆ. ಆದರೆ ಕಾವ್ಯದ ಉದ್ದವನ್ನು ಯಾರ ಪಾಪದ ಫಲಕ್ಕೆ ಮೀಸಲಿಟ್ಟನು? ಅರಸನ ಪಾಪದ ಫಲಕ್ಕೆ. ಓದುವವರು ಆ ಭಾಗವನ್ನು ಅವಸರದಿಂದ ದಾಟಿ, ಮತ್ತೆ ಆನೆಯ ಲಾಯದ ಹತ್ತರವೇ ಬಂದು ನಿಲ್ಲುವರು.

ವೇದಗಂಗಾ ದೂಧಗಂಗಾ ನದಿಗಳ ದಂಡೆಯ ನಮ್ಮ ಭೋಜವು ಆಚಾರ್ಯ ಶಾಂತಿಸಾಗರ ಮಹಾರಾಜರ (1872–1955) ಊರು. ಇಲ್ಲಿಯ ಜೈನ ಮನೆಗಳಿಗೆ ಯಶೋಧರನ ಕಥೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಪ್ರಾಣಿಯ ಆಕಾರದಲ್ಲಿ ಮಾಡಿದ ಸಕ್ಕರೆಯ ಗೊಂಬೆಗಳನ್ನು ಮಕ್ಕಳ ಕೈಯಲ್ಲಿ ಕೊಡಬಾರದೆಂಬ ರೂಢಿಯು ಜೈನ ಮನೆತನಗಳಲ್ಲಿ ಉಂಟು. ಸಕ್ಕರೆಯ ಕುದುರೆಯ ಕುತ್ತಿಗೆಯನ್ನು ಕಡಿಯುವದೂ ಸಂಕಲ್ಪದಿಂದ ಕಡಿದಂತೆಯೇ. ಈ ರೂಢಿಯನ್ನು ಕಾಯ್ದುಕೊಂಡು ಬಂದವರು ಅಡಿಗೆಯ ಮನೆಯ ಹೆಂಗಸರು. ಕಾವ್ಯದ ತಾತ್ಪರ್ಯವನ್ನು ಅವರು ನೇರವಾಗಿ ಹಿಡಿದಿದ್ದಾರೆ. ಪಡಸಾಲೆಯಲ್ಲಿ ಕುಳಿತು ಕಾವ್ಯಚರ್ಚೆಯನ್ನು ಮಾಡುವ ನಾವು ಗಂಡಸರು ಮಾತ್ರ ಹಿಟ್ಟಿನ ಕೋಳಿಯನ್ನು ಬಿಟ್ಟು ರಾಣಿಯನ್ನು ಹಿಡಿದೆವು.

ಇದಕ್ಕೆ ಶಾಸ್ತ್ರದ ಆಧಾರವುಂಟೆಂದು ಕೆಲವರು ಹೇಳುವದನ್ನು ಕೇಳಿದ್ದೇನೆ. ಅಮೃತಮತಿಯ ರತಿಯು ಅಧಮಪಾತ್ರದಲ್ಲಿ ನೆಟ್ಟದ್ದು. ಆದುದರಿಂದ ಅದು ಶೃಂಗಾರವಲ್ಲ, ಶೃಂಗಾರಾಭಾಸ. ಅಲ್ಲಿ ಸಹೃದಯನ ಅನುಕಂಪವು ಹರಿಯಲಾರದು ಎಂಬದು ಅವರ ವಾದ. ಒಪ್ಪಿದೆ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಶೃಂಗಾರದ ಅನೌಚಿತ್ಯಗಳನ್ನು ಎಣಿಸುವಾಗ ಉಪನಾಯಕನಲ್ಲಿ ನೆಟ್ಟ ರತಿಯನ್ನೂ ಅಧಮಪಾತ್ರಗತವಾದ ರತಿಯನ್ನೂ ಹೇಳಿದ್ದು ನಿಜ. ಆದರೆ ಅದೇ ಎಣಿಕೆಯಲ್ಲಿ ಅವನು ಅನುಭಯನಿಷ್ಠವಾದ ರತಿಯನ್ನು, ಅಂದರೆ ಒಬ್ಬರಿಗೆ ಮಾತ್ರ ಇದ್ದು ಇನ್ನೊಬ್ಬರಿಗೆ ಇಲ್ಲದ ಒಲವನ್ನು, ಹೇಳಿದ್ದಾನೆ. ಪ್ರತಿನಾಯಕನ ರತಿಯನ್ನೂ ಹೇಳಿದ್ದಾನೆ. ಸುನಂದೆಯನ್ನು ಕದ್ದ ಚಂಡಶಾಸನನು ಈ ಮಾತಿಗೆ ಉದಾಹರಣೆಯಾಗುವಷ್ಟು ನೇರವಾಗಿ ಹೊಂದುವನು. ಅಭಿನವಗುಪ್ತಾಚಾರ್ಯರು ಈ ಆಭಾಸಕ್ಕೆ ಕೊಡುವ ಉದಾಹರಣೆಯಾದರೂ ಯಾವದು? ಸೀತೆಯಲ್ಲಿ ರಾವಣನಿಗಿದ್ದ ಕಾಮ. ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಅಪರಾಧಿಗಳಲ್ಲಿ ಒಬ್ಬಳನ್ನು ಮಾತ್ರ ಎಬ್ಬಿಸಿ ಹೊರಗೆ ಹಾಕಿ, ಮಿಕ್ಕವರಿಗೆ ಎಡೆ ಬಡಿಸಿದವರು ಶಾಸ್ತ್ರಕಾರರಲ್ಲ, ನಾವು.

ಹಾಗೆಂದು ಶಾಸ್ತ್ರವು ಪೂರ್ಣ ನಿರ್ದೋಷಿಯೆಂದು ಹೇಳಲಾರೆ. ಪಾಠಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ನಾಯಕಭೇದ ನಾಯಿಕಾಭೇದಗಳನ್ನು ಈ ವಯಸ್ಸಿನಲ್ಲಿ ಮತ್ತೆ ತಿರುವಿಹಾಕಿದಾಗ ಒಂದು ಸಂಗತಿಯು ಎದ್ದು ಕಂಡಿತು. ನಾಯಕನನ್ನು ಧೀರೋದಾತ್ತ, ಧೀರಲಲಿತ ಎಂದು ಮುಂತಾಗಿ ಅವನ ಸ್ವಭಾವದಿಂದ ವಿಂಗಡಿಸಿದ್ದಾರೆ. ನಾಯಿಕೆಯನ್ನು ಮೊಟ್ಟಮೊದಲು ಸ್ವೀಯೆ, ಪರಕೀಯೆ, ಸಾಮಾನ್ಯೆ ಎಂದು ವಿಂಗಡಿಸಿದ್ದಾರೆ. ಅವನು ಎಂಥವನು ಎಂಬದು ಒಂದು ಪ್ರಶ್ನೆ. ಅವಳು ಯಾರವಳು ಎಂಬದು ಇನ್ನೊಂದು ಪ್ರಶ್ನೆ. ಒಬ್ಬಳಿಗಿಂತ ಹೆಚ್ಚು ಹೆಂಗಸರನ್ನು ಒಲಿಸಿಕೊಂಡಿರುವ ನಾಯಕನಿಗೆ ‘ದಕ್ಷಿಣ’ ಎಂಬ ಸವಿಯಾದ ಹೆಸರು ಸಿದ್ಧವಾಗಿದೆ. ಕಪಟ ಮಾಡುವವನು ‘ಶಠ’, ಸಿಕ್ಕಿಬಿದ್ದರೂ ನಾಚದವನು ‘ಧೃಷ್ಟ’. ಇವರೆಲ್ಲರೂ ನಾಯಕರ ಪಟ್ಟಿಯೊಳಗೇ ಇದ್ದಾರೆಂಬದನ್ನು ಮರೆಯಬಾರದು. ‘ಶಠೆ’ಯೆಂಬ ನಾಯಿಕೆಯನ್ನು ನಾನು ಯಾವ ಲಕ್ಷಣಗ್ರಂಥದಲ್ಲಿಯೂ ಕಂಡಿಲ್ಲ.

ಮಹಾಕವಿಯ ಕೈಯಲ್ಲಿಯೂ ಈ ಕೃಪೆಯು ಎಷ್ಟು ಸೂಕ್ಷ್ಮವಾಗಿ ನಡೆಯುವದೆಂಬದಕ್ಕೆ ದುಷ್ಯಂತನೇ ಸಾಕ್ಷಿ. ಮಹಾಭಾರತದ ಆದಿಪರ್ವದಲ್ಲಿ ಅರಸನಿಗೆ ಶಕುಂತಲೆಯ ನೆನಪು ಚೆನ್ನಾಗಿಯೇ ಇದೆ. ಗುರುತಿದ್ದೂ ಅವನು ತುಂಬಿದ ಸಭೆಯಲ್ಲಿ ಅವಳನ್ನು ಅಲ್ಲಗಳೆಯುವನು. ಆಕಾಶವಾಣಿಯಾದ ಮೇಲೆ, ಜನರು ಸಂಶಯಪಡಬಾರದೆಂದು ಹಾಗೆ ಮಾಡಿದೆನೆನ್ನುವನು. ಅಲ್ಲಿಯ ಶಕುಂತಲೆಯೂ ಸುಮ್ಮನಿರುವವಳಲ್ಲ. ಸಭೆಯಲ್ಲಿ ನಿಂತು ಅವನಿಗೆ ಧರ್ಮವನ್ನು ಬೋಧಿಸುವಳು. ಕಾಲಿದಾಸನು ತನ್ನ ನಾಯಕನನ್ನು ಧೀರೋದಾತ್ತನನ್ನಾಗಿ ಉಳಿಸಿಕೊಳ್ಳಬೇಕಾಗಿತ್ತು; ಆದುದರಿಂದ ದುರ್ವಾಸರ ಶಾಪವನ್ನೂ ಉಂಗುರವನ್ನೂ ತಂದನು. ಆ ಶಾಪಕ್ಕೆ ಕಾರಣವೇನು? ಅತಿಥಿಯು ಬಂದದ್ದು ಶಕುಂತಲೆಗೆ ತಿಳಿಯಲಿಲ್ಲ. ಉಂಗುರವನ್ನು ಕಳೆದುಕೊಂಡವಳೂ ಅವಳೇ. ಹೀಗೆ ಅರಸನ ಸುಳ್ಳು ಹುಡುಗಿಯ ಅಜಾಗರೂಕತೆಯಾಗಿ ಮಾರ್ಪಟ್ಟಿತು. ನಾಟಕವು ಜಗತ್ತಿಗೆಲ್ಲ ಪ್ರಿಯವಾಯಿತು, ನನಗೂ ಪ್ರಿಯವಾದದ್ದೇ. ಆದರೂ ಐದನೆಯ ಅಂಕವನ್ನು ಪಾಠ ಹೇಳುವಾಗಲೆಲ್ಲ ವ್ಯಾಸರ ಶಕುಂತಲೆಯು ಹಿಂದಿನ ಬಾಗಿಲಲ್ಲಿ ನಿಂತು ಕೇಳುತ್ತಿರುವಂತೆ ನನಗೆ ಅನಿಸುತ್ತಿತ್ತು.

ಕನ್ನಡಕ್ಕೆ ಮರಳೋಣ. ನಾಗಚಂದ್ರನ ರಾಮಚಂದ್ರಚರಿತಪುರಾಣದ ರಾವಣನನ್ನು ದುರಂತನಾಯಕನೆಂದು ಬಿ. ಎಂ. ಶ್ರೀಕಂಠಯ್ಯನವರು ವಿವರಿಸಿದ ಬಳಿಕ ಆ ರಾವಣನಿಗೆ ನಮ್ಮ ಸಾಹಿತ್ಯದಲ್ಲಿ ಸ್ಥಿರವಾದ ಅಭಿಮಾನಿಗಳು ದೊರೆತರು. ಶ್ರೀಯವರ ಮಾತು ಸಾಧಾರವಾದದ್ದು. ಸೀತೆಯ ದುಃಖವನ್ನು ಕಂಡು ಮನಸ್ಸು ತಿರುಗುವ ರಾವಣನನ್ನು ನಾಗಚಂದ್ರನು ನಿಜವಾಗಿಯೂ ಕಡೆದಿದ್ದಾನೆ. ನಾನು ಕೇಳುವದಿಷ್ಟೇ. ಅದೇ ಮನೆಯ ಹೆಣ್ಣುಮಗಳು ಚಂದ್ರನಖಿ. ಜೈನರಾಮಾಯಣ ಪರಂಪರೆಯಲ್ಲಿ ಅವಳ ಮಗನಾದ ಶಂಬೂಕನು ಬಿದಿರ ಮೆಳೆಯೊಳಗೆ ಸೂರ್ಯಹಾಸವೆಂಬ ಖಡ್ಗಕ್ಕಾಗಿ ತಪಸ್ಸು ಮಾಡುತ್ತಿರಲು, ಲಕ್ಷ್ಮಣನು ಆ ಖಡ್ಗದ ಹರಿತವನ್ನು ನೋಡಲು ಮೆಳೆಯನ್ನು ಕಡಿದು, ಅರಿಯದೆ ಹುಡುಗನನ್ನೂ ಕಡಿದನು. ಸತ್ತ ಮಗನ ಮುಖವನ್ನು ಕಂಡ ತಾಯಿಯು ಅತ್ತುಕೊಂಡು ಅಲೆಯುವಾಗ ಈ ರಾಜಪುತ್ರರನ್ನು ಕಂಡಳು, ಮೋಹಿಸಿದಳು. ಶೋಕದ ಮಗ್ಗುಲಿನಲ್ಲಿಯೇ ಕಾಮವು ಹೇಗೆ ಎದ್ದಿತೆಂಬದು ದೊಡ್ಡ ಮನಸ್ಸುಗಳು ವಿಚಾರಿಸಬೇಕಾದ ಸಂಗತಿ. ಅಣ್ಣನ ಕಾಮವನ್ನು ಕುರಿತು ನಾವು ಪುಟಗಟ್ಟಲೆ ಬರೆದೆವು. ತಂಗಿಯ ಕಾಮವನ್ನು ಕುರಿತು ನಕ್ಕು ಮುಗಿಸಿದೆವು.

ಇದು ಪುಸ್ತಕ ಓದುವವರ ಮಾತಾಯಿತು. ಪುಸ್ತಕದ ಹೊರಗೆ, ರಾತ್ರಿಯೆಲ್ಲ ನಡೆಯುವ ಬಯಲಾಟಗಳಲ್ಲಿ ಇದರ ಬೇರನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದು. ನಮ್ಮ ಜಿಲ್ಲೆಯ ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡ ಶ್ರೀಕೃಷ್ಣಪಾರಿಜಾತವನ್ನೇ ತೆಗೆದುಕೊಳ್ಳಿರಿ. ನಾರದನು ತಂದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನು. ಸತ್ಯಭಾಮೆಯು ಸಿಟ್ಟಾದಳು. ಆ ಮೇಲಿನ ಆಟವೆಲ್ಲ ಅವಳ ಗರ್ವವನ್ನು ಇಳಿಸುವ ಆಟ. ಕೃಷ್ಣನು ಕೊರವಂಜಿಯ ವೇಷದಿಂದಲೂ ಬಂದು ಅವಳನ್ನು ಆಡಿಸುವನು. ಇಬ್ಬರು ಹೆಂಡಿರಿರುವ ಮನೆಗೆ ಒಂದೇ ಹೂವನ್ನು ತಂದು ಒಬ್ಬಳಿಗೆ ಕೊಟ್ಟರೆ ಏನಾಗುವದೆಂಬದು ಸರ್ವಜ್ಞನಾದ ಕೃಷ್ಣನಿಗೆ ತಿಳಿಯದೇ? ಅವನು ಮಾಡಿದ್ದಕ್ಕೆ ಲೀಲೆಯೆಂದು ಹೆಸರು. ಅವಳು ಮಾಡಿದ್ದಕ್ಕೆ ಗರ್ವವೆಂದು ಹೆಸರು. ದೇವರ ಮಾತಾದ್ದರಿಂದ ಇದನ್ನು ಇಲ್ಲಿಗೇ ಬಿಡುವೆನು. ಆದರೆ ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಈ ಆಟದಲ್ಲಿ ಹೆಸರಾಗಿ ಸಾವಿರಾರು ಜನರನ್ನು ಬೆಳಗಿನವರೆಗೆ ಕೂಡ್ರಿಸಿದ್ದನ್ನು ನೆನೆದರೆ, ಆಟದ ಪ್ರಾಣವು ಸಿಟ್ಟಾದವಳಲ್ಲಿಯೇ ಇದೆಯೆಂಬದನ್ನು ಜನರ ಕಣ್ಣು ಅರಿತಿದೆ, ಬಾಯಿ ಮಾತ್ರ ಒಪ್ಪುವದಿಲ್ಲ ಎಂದು ತೋರುವದು.

ಬೈಲಹೊಂಗಲದ ಕಡೆಯ ಸಂಗ್ಯಾಬಾಳ್ಯಾ ಸಣ್ಣಾಟಕ್ಕೆ ದೇವರ ಮರೆಯೂ ಇಲ್ಲ. ಸಿರಿವಂತನಾದ ಸಂಗ್ಯಾನು ಈರಣ್ಣನ ಹೆಂಡತಿಯಾದ ಗಂಗಾಳಿಗೆ ಮನಸೋತು, ಗೆಳೆಯನಾದ ಬಾಳ್ಯಾನ ನೆರವಿನಿಂದ ಅವಳನ್ನು ಒಲಿಸಿಕೊಂಡನು. ಕೊನೆಗೆ ಅದೇ ಬಾಳ್ಯಾನು ವಿಶ್ವಾಸಘಾತ ಮಾಡಿದ್ದರಿಂದ ಈರಣ್ಣನ ಕಡೆಯವರ ಕೈಯಲ್ಲಿ ಸತ್ತನು. ಆಟವು ಮುಗಿದ ಮೇಲೆ ಜನರು ಸಂಗ್ಯಾನಿಗಾಗಿ ಮರುಗುವರು: ಎಂಥ ಹುಡುಗ, ಗೆಳೆಯನನ್ನು ನಂಬಿ ಕೆಟ್ಟನು! ಗಂಗಾಳ ವಿಷಯಕ್ಕೆ ಬಂದ ಕೂಡಲೆ ಮಾತು ಒರಟಾಗುವದು: ಅವಳಿಂದಲೇ ಇಷ್ಟೆಲ್ಲ ಆಯಿತು. ಅವಳ ಮನೆಯನ್ನು ಹುಡುಕಿಕೊಂಡು ಹೋದವನು ಯಾರು, ಕುಂಟಣಿಯನ್ನು ಕಳಿಸಿದವನು ಯಾರು ಎಂಬ ಸಂಗತಿಗಳು ಅದೇ ರಾತ್ರಿ ಅವರ ಕಣ್ಣೆದುರಿಗೇ ನಡೆದು ಹೋಗಿರುವವು.

ಈ ಅಳತೆಗೋಲು ಆಟದ ಕಟ್ಟೆಯ ಮೇಲೆ, ಪುಸ್ತಕದ ಪುಟದ ಮೇಲೆ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿದ್ದಿಲ್ಲ. ಅದು ಮನೆಯೊಳಗೆ ಬರುವದು. ಮಗನು ದಾರಿ ತಪ್ಪಿದರೆ ವಯಸ್ಸಿನ ದೋಷ, ಸಹವಾಸದ ದೋಷ. ಸೊಸೆಯು ಮಾತಿಗೆ ಮಾತು ಕೊಟ್ಟರೆ ತೌರಿನ ಗುಣ. ಹಿರಿಯರು ಕೂಡಿ ಗಂಡಹೆಂಡಿರ ವ್ಯಾಜ್ಯವನ್ನು ತೀರಿಸುವಲ್ಲಿ ಅವನಿಗೆ ಕಾರಣಗಳನ್ನು ಕೇಳುವರು, ಅವಳಿಗೆ ಕಾರ್ಯವನ್ನು ಮಾತ್ರ ಕೇಳುವರು. ಚಂಡಶಾಸನನನ್ನು ಓದುವಾಗ ಮಾಡಿದ್ದೂ ಅಮೃತಮತಿಯನ್ನು ಓದುವಾಗ ಮಾಡಿದ್ದೂ ಇದೇ ಅಲ್ಲವೇ?

ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ವನ್ನು ಬರೆದು ಈ ರಾಣಿಗೆ ಅವಳದೇ ಆದ ಮಾತನ್ನು ಕೊಟ್ಟರು, ಅರಸ, ತಾಯಿ, ಮಾವತಿಗ, ಎಲ್ಲರೂ ಅಲ್ಲಿ ಉತ್ತರ ಕೊಡಬೇಕಾದವರಾದರು. ಹೆಸರಿನಲ್ಲಿಯೇ ಅವರು ಕಾವ್ಯದ ಕೇಂದ್ರವನ್ನು ಹಿಡಿದದ್ದು ನನಗೆ ಮೆಚ್ಚುಗೆಯಾಯಿತು. ಆದರೆ ಆಮೇಲೆ ಹೊಸ ಓದುಗರಲ್ಲಿ ಕೆಲವರು ಇನ್ನೊಂದು ತುದಿಗೆ ಹಾರಿದರು. ಅವರ ಅಮೃತಮತಿಯು ಸ್ವಾತಂತ್ರ್ಯದ ಮೂರ್ತಿ; ವಿಷವಿಕ್ಕಿದ್ದು ಕಾವ್ಯದ ಒಂದು ಸಣ್ಣ ವಿವರ. ಇದೂ ಅಭಿಮಾನಿಗಳ ನ್ಯಾಯವೇ; ತಕ್ಕಡಿಯ ತಟ್ಟೆಗಳನ್ನು ಅದಲುಬದಲು ಮಾಡಿದರೆ ತೂಕವು ಸರಿಯಾಗುವದಿಲ್ಲ. ವಿಷವನ್ನುಂಡು ಸತ್ತ ಚಂದ್ರಮತಿಯೂ ಹೆಂಗಸೇ ಆಗಿದ್ದಳು. ಮಗನ ಸುಳ್ಳು ಕನಸನ್ನು ನಂಬಿದ್ದಲ್ಲದೆ ಆ ಮುದುಕಿಯು ಸೊಸೆಗೆ ಮಾಡಿದ ಅಪಕಾರವನ್ನು ನಾನು ಕಾವ್ಯದಲ್ಲಿ ಕಾಣೆ.

ಸುನಂದೆಯ ಮಾತು ಉಳಿಯಿತು. ಚಂಡಶಾಸನನ ಅನುರಾಗವನ್ನು ಹೊಗಳುವ ಬರಹಗಳಲ್ಲಿ ಅವಳು ಅವನ ದುರಂತಕ್ಕೆ ಒಂದು ನಿಮಿತ್ತವಾಗಿ ಮಾತ್ರ ಬರುವಳು. ಪತಿವ್ರತೆಯೆಂಬ ಒಂದು ವಿಶೇಷಣವನ್ನು ಅವಳಿಗೆ ಕೊಟ್ಟು ಮುಂದೆ ಸಾಗುವದು ವಾಡಿಕೆ. ಜಾರೆಗೆ ಬೈಗಳು ಸಲ್ಲುವದಾದರೆ ಪತಿವ್ರತೆಗಾದರೂ ಅನುಕಂಪವು ಸಲ್ಲಬೇಕಾಗಿತ್ತು. ಅದೂ ಅವಳ ಅಪಹಾರಕನ ಪಾಲಿಗೆ ಹೋಯಿತು. ಬದುಕಿರುವವರೆಗೆ ಅವಳು ಅವನನ್ನು ಹತ್ತರ ಬರಗೊಡಲಿಲ್ಲ. ಸತ್ತ ಮೇಲೆ ಒಲ್ಲೆನೆನ್ನಲು ಬಾಯಿಲ್ಲದ್ದರಿಂದ ಅವನು ಚಿತೆಯಲ್ಲಿ ಅವಳ ಮಗ್ಗುಲಿಗೆ ಬಂದು ಮಲಗಿದನು. ವಸುಷೇಣನು ಇನ್ನೂ ಬದುಕಿಯೇ ಇದ್ದನು.